ಗದ್ದೆ ಬಯಲಿನಲ್ಲಿ ಕಡಲ ಪಾಚಿ: ಮಂಡ್ಯದ ಒಂದು ಉಪ್ಪುನೀರಿನ ತೊಟ್ಟಿ ಕಟ್ಟಿದ ಲೆಕ್ಕ

ನಮ್ಮ ವರ್ಕ್‌ಶಾಪ್ ಇರುವುದು ಮಂಡ್ಯದ ಹೊರವಲಯದಲ್ಲಿ, ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಬಯಲಿನ ಅಂಚಿಗೆ. ಆಲೆಮನೆ ಗಾಣದ ರೋಲರ್, ಗೇರ್‌ಬಾಕ್ಸ್, ಕೊಪ್ಪರಿಗೆ ರಿಪೇರಿಯೇ ಇಲ್ಲಿನ ದಿನನಿತ್ಯದ ಕೆಲಸ. ಅದರ ಹಿತ್ತಲಲ್ಲಿ ಈಗ 3,800 ಲೀಟರ್ ಸಮುದ್ರದ ನೀರು ಹಗಲೂ ರಾತ್ರಿ ಸುತ್ತುತ್ತಿದೆ. ನೀರಿನ ತುಂಬ ಟೆಟ್ರಾಸೆಲ್ಮಿಸ್ ಎಂಬ ಕಡಲ ಸೂಕ್ಷ್ಮ ಪಾಚಿ.

ಕಾರಣ ಇಷ್ಟೇ. ಐಟಿಐಯಲ್ಲಿ ಜೊತೆಗೆ ಓದಿದ ಗೆಳೆಯನಿಗೆ ಕುಮಟಾ ಕಡೆ ಹಿನ್ನೀರಿನ ಪಕ್ಕ ಪಾಳುಬಿದ್ದ ಸೀಗಡಿ ಕೊಳಗಳಿವೆ. ಮೀನು, ಸೀಗಡಿ ಮರಿ ಮಾಡುವ ಹ್ಯಾಚರಿಗಳಿಗೆ ಜೀವಂತ ಪಾಚಿ ಬೇಕು. ಅದನ್ನು ಅಲ್ಲಿ ದೊಡ್ಡ ಮಟ್ಟದಲ್ಲಿ ಬೆಳೆಸಬೇಕೆಂಬುದು ಅವನ ಯೋಚನೆ. ನೀರನ್ನು ತಿರುಗಿಸುವ ಚಕ್ರ, ಪಾಚಿಗೆ ಇಂಗಾಲದ ಡೈಆಕ್ಸೈಡ್ ಕೊಡುವ ಗ್ಯಾಸ್ ಲೈನು, ಕೊಯ್ಲಿನ ಟ್ಯಾಂಕು ಮಾಡಿಕೊಡುವುದು ನನ್ನ ಪಾಲಿಗೆ ಬಂತು. ಉಪ್ಪುನೀರಿನ ಯಂತ್ರವನ್ನು ಇಲ್ಲೇ ಓಡಿಸಿ ನೋಡದೆ ಅಷ್ಟು ದೂರ ಸಾಗಿಸುವುದು ಬೇಡವೆಂದು ಚಿಕ್ಕ ಅಳತೆಯಲ್ಲಿ ಮೊದಲು ಇಲ್ಲಿ ಕಟ್ಟಿದೆ.

ತೊಟ್ಟಿಯ ಗುರುತು ಹಾಕುವಾಗಲೇ ಪಕ್ಕದ ಗದ್ದೆಯ ದೊಡ್ಡಪ್ಪ ಬಂದು ನಿಂತು, ‘ಏನ್ಲಾ ಮಗಾ, ಆ ಉಪ್ಪುನೀರು ನಮ್ ಗದ್ದೆಗೆ ಇಳಿದ್ರೆ ನಾನೇನ್ ಮಾಡ್ಲಿ?’ ಎಂದರು. ನ್ಯಾಯವಾದ ಮಾತು. ಮಂಡ್ಯದಲ್ಲಿ ಚೌಳು ಹಿಡಿದ ಭೂಮಿ ಏನೆಂದು ಯಾರಿಗೂ ಹೇಳಿಕೊಡಬೇಕಿಲ್ಲ. ಮಣ್ಣಿನ ಉಪ್ಪಿನಂಶ, ಅಂದರೆ ಇ.ಸಿ., 3 ದಾಟಿದರೆ ಭತ್ತದ ಇಳುವರಿ ಇಳಿಯತೊಡಗುತ್ತದೆ. ಸಮುದ್ರದ ನೀರಿನ ಇ.ಸಿ. 50ರ ಮೇಲಿರುತ್ತದೆ. ಈ ತೊಟ್ಟಿಯಲ್ಲಿ ಕರಗಿರುವ ಉಪ್ಪು ಒಟ್ಟು 133 ಕೆಜಿ. ‘ಇಳಿಯಾಕಿಲ್ಲ ಕಣ್ ದೊಡ್ಡಪ್ಪ’ ಎಂದು ಮಾತು ಕೊಟ್ಟೆ. ಒಂದು ಹನಿಯೂ ಆಚೆ ಹೋಗಬಾರದು ಎಂಬ ಆ ಒಂದು ಷರತ್ತು ತೊಟ್ಟಿಯ ಎಲ್ಲ ತೀರ್ಮಾನಗಳನ್ನೂ ಬದಲಿಸಿತು. ಓದುವವರು ಅದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದು ಅರ್ಥವಾಗುತ್ತದೆ.

ಹಂತ 1: ತೊಟ್ಟಿ

ರೇಸ್‌ವೇ ತೊಟ್ಟಿ, ಅಂದರೆ ನೀರು ಓಟದ ಪಥದಲ್ಲಿ ಸುತ್ತಿದಂತೆ ಸುತ್ತುವ ತೊಟ್ಟಿ. ಒಳ ಅಳತೆ 10 ಮೀಟರ್ ಉದ್ದ, 2 ಮೀಟರ್ ಅಗಲ, ಎರಡೂ ತುದಿ ಅರ್ಧವೃತ್ತ, ಮಧ್ಯೆ ಉದ್ದಕ್ಕೂ ಒಂದು ತಡೆಗೋಡೆ. ನೀರಿನ ಆಳ 20 ಸೆಂ.ಮೀ. ಮೇಲ್ಮೈ 19 ಚದರ ಮೀಟರ್. ಇದಕ್ಕಿಂತ ಆಳ ಮಾಡಿದರೆ ತಳಕ್ಕೆ ಬೆಳಕು ಸಿಗದು, ಕಡಿಮೆ ಮಾಡಿದರೆ ಮಧ್ಯಾಹ್ನ ನೀರು ಕಾಯುತ್ತದೆ. ಗೋಡೆ 6 ಇಂಚಿನ ಸಾಲಿಡ್ ಬ್ಲಾಕ್, ಎರಡು ವರಸೆ, 40 ಸೆಂ.ಮೀ. ಎತ್ತರ. ಅರ್ಧಕ್ಕರ್ಧ ಖಾಲಿ ಬಿಟ್ಟಿದ್ದು ಮಳೆಗಾಗಿ: ಒಮ್ಮೆಗೆ 50 ಮಿ.ಮೀ. ಸುರಿದರೂ ತೊಟ್ಟಿ ತುಳುಕಬಾರದು.

ಹಾಸಿಗೆಗೆ ಕೃಷಿ ಹೊಂಡಕ್ಕೆ ಹಾಕುವ 500 ಮೈಕ್ರಾನ್ ಎಚ್‌ಡಿಪಿಇ ಶೀಟು, ಎರಡು ಪದರ. ಕೆಳಗಿನ ಶೀಟಿನ ಮೇಲೆ 5 ಸೆಂ.ಮೀ. ಜರಡಿ ಹಿಡಿದ ಮರಳು, ಮರಳಿನೊಳಗೆ ತೂತು ಕೊರೆದ ಒಂದು ಇಂಚಿನ ಪಿವಿಸಿ ಪೈಪು, ಅದರ ಮೇಲೆ ಎರಡನೆಯ ಶೀಟು. ಪೈಪಿನ ಬಾಯಿ ಹೊರಗಿನ ಒಂದು ಪುಟ್ಟ ಗುಂಡಿಗೆ ತೆರೆದುಕೊಳ್ಳುತ್ತದೆ. ಮೇಲಿನ ಶೀಟು ಎಲ್ಲಾದರೂ ಸೋರಿದರೆ ನೀರು ಮೊದಲು ಆ ಗುಂಡಿಗೆ ಬರುತ್ತದೆ, ಮಣ್ಣಿಗಲ್ಲ.

ಈ ವ್ಯವಸ್ಥೆ ಮೊದಲ ವಾರದಲ್ಲೇ ಕೆಲಸಕ್ಕೆ ಬಂತು. ಉಪ್ಪು ಹಾಕುವ ಮುಂಚೆ ಬರೀ ನಾಲೆ ನೀರು ತುಂಬಿಸಿ ಬಿಟ್ಟಿದ್ದೆ. ಗುಂಡಿಯಲ್ಲಿ ತೇವ ಕಂಡಿತು. ನೀರು ಖಾಲಿ ಮಾಡಿ ಹುಡುಕಿದರೆ, ಬಿಸಿಗಾಳಿ ಗನ್ನಿನಿಂದ ಶೀಟು ಬೆಸೆದ ಒಂದು ಜೋಡಣೆ ಬಾಗುವ ಮೂಲೆಯಲ್ಲಿ ಬಾಯಿ ಬಿಟ್ಟಿತ್ತು. ಮೂಲೆಗಳಲ್ಲಿ ಜೋಡಣೆಯೇ ಬರದಂತೆ ಶೀಟನ್ನು ಮಡಚಿ ಹಾಸಿ, ಬೆಸುಗೆಯನ್ನು ನೇರ ಭಾಗಕ್ಕೆ ತಂದ ಮೇಲೆ ಗುಂಡಿ ಒಣಗಿತು. ಸಿಹಿನೀರಿನಲ್ಲಿ ಸೋರಿಕೆ ಪರೀಕ್ಷೆ ಮಾಡದೆ ಉಪ್ಪು ಸುರಿಯಲೇಬೇಡಿ.

ಗದ್ದೆ ಬದುವಿನಲ್ಲಿ ನಾಲ್ಕು ಕಡೆ ಮಣ್ಣಿನ ಇ.ಸಿ. ಅಳೆದು, ದೊಡ್ಡಪ್ಪನ ಎದುರಿಗೇ ಪುಸ್ತಕದಲ್ಲಿ ಬರೆದಿಟ್ಟೆ. ತಿಂಗಳಿಗೊಮ್ಮೆ ಅದೇ ಜಾಗಗಳಲ್ಲಿ ಮತ್ತೆ ಅಳೆಯುತ್ತೇವೆ. ಇದುವರೆಗೆ ಮುಳ್ಳು ಅಲುಗಿಲ್ಲ.

ಹಂತ 2: ಮಂಡ್ಯದಲ್ಲಿ ಸಮುದ್ರದ ನೀರು

ಕರಾವಳಿಯಿಂದ ಟ್ಯಾಂಕರಿನಲ್ಲಿ ನೀರು ತರಿಸುವುದು ದಂಡ. ಸಾವಿರ ಲೀಟರ್ ಕಡಲ ನೀರಿನಲ್ಲಿ ಇರುವ ಉಪ್ಪು ಸುಮಾರು 35 ಕೆಜಿ, ಉಳಿದದ್ದೆಲ್ಲ ನೀರೇ. ಉಪ್ಪನ್ನು ತಂದರೆ ಸಾಕು. ಗೆಳೆಯ ಗೋಕರ್ಣದ ಪಕ್ಕದ ಸಾಣಿಕಟ್ಟೆಯ ಕಲ್ಲುಪ್ಪನ್ನು ಮೂಟೆ ಕಟ್ಟಿ ಕಳಿಸಿದ. ಅಂಗಡಿಯ ಅಯೋಡಿನ್ ಪುಡಿಯುಪ್ಪು ಬೇಡ. ಅದರಲ್ಲಿ ಗಂಟು ಕಟ್ಟದಿರಲು ಬೇರೇನೋ ಬೆರೆಸಿರುತ್ತಾರೆ.

ಬರೀ ಕಲ್ಲುಪ್ಪು ಕರಗಿಸಿದರೆ ಅದು ಉಪ್ಪುನೀರೇ ಹೊರತು ಸಮುದ್ರದ ನೀರಲ್ಲ. ಉಪ್ಪಳದಲ್ಲಿ ಉಪ್ಪು ಹರಳುಗಟ್ಟುವಾಗ ಮೆಗ್ನೀಸಿಯಂ ಬಹುಪಾಲು ಉಳಿದ ಕಹಿನೀರಿನಲ್ಲೇ ಹೋಗಿಬಿಡುತ್ತದೆ. ಪಾಚಿಗೆ ಅದು ಬೇಕು, ಮುಂದೆ ಕೊಯ್ಲಿಗೂ ಬೇಕು. ಸಾವಿರ ಲೀಟರಿಗೆ ನಾನು ಹಾಕಿದ ಪ್ರಮಾಣ ಇದು:

ಕಲ್ಲುಪ್ಪು 27 ಕೆಜಿ
ಮೆಗ್ನೀಸಿಯಂ ಸಲ್ಫೇಟ್ 7 ಕೆಜಿ (ಗೊಬ್ಬರದ ಅಂಗಡಿಯದೇ)
ಮೆಗ್ನೀಸಿಯಂ ಕ್ಲೋರೈಡ್ ಹರಳು 5 ಕೆಜಿ
ಕ್ಯಾಲ್ಸಿಯಂ ಕ್ಲೋರೈಡ್ ಹರಳು 1.5 ಕೆಜಿ
ಪೊಟ್ಯಾಶ್ ಗೊಬ್ಬರ 700 ಗ್ರಾಂ (ಬಿಳಿಯದು, ಕೆಂಪು ಬೇಡ)
ಅಡುಗೆ ಸೋಡಾ 200 ಗ್ರಾಂ

ಕ್ರಮ ಮುಖ್ಯ. ಕ್ಯಾಲ್ಸಿಯಂ ಕ್ಲೋರೈಡನ್ನೂ ಸೋಡಾವನ್ನೂ ಒಂದೇ ಬಕೆಟಿನಲ್ಲಿ ಕಲಸಿದರೆ ಸುಣ್ಣದಂತೆ ಬೆಳ್ಳಗೆ ಒಡೆದು ತಳ ಸೇರುತ್ತದೆ. ಮೊದಲು ಕಲ್ಲುಪ್ಪು, ಆಮೇಲೆ ಎರಡೂ ಮೆಗ್ನೀಸಿಯಂ, ಪೊಟ್ಯಾಶ್; ಕ್ಯಾಲ್ಸಿಯಂ ಬೇರೆ ಬಕೆಟಿನಲ್ಲಿ ಕರಗಿಸಿ ನಿಧಾನವಾಗಿ; ಸೋಡಾ ಕೊನೆಗೆ. ಉಪ್ಪಿನ ಮೂಟೆಯಲ್ಲಿ ತೇವ ಎಷ್ಟಿದೆಯೋ ತಿಳಿಯದು, ಆದ್ದರಿಂದ ತೂಕವನ್ನು ನಂಬದೆ ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 35 (ಸಾವಿರಕ್ಕೆ 35 ಪಾಲು ಉಪ್ಪು) ಬರುವವರೆಗೆ ಕಲ್ಲುಪ್ಪು ಸೇರಿಸಿದೆ.

ಶುದ್ಧಿಗೆ ಬ್ಲೀಚಿಂಗ್ ಪೌಡರ್, ಸಾವಿರ ಲೀಟರಿಗೆ 33 ಗ್ರಾಂ. ಚಕ್ರ ತಿರುಗಿಸುತ್ತ ಬಿಸಿಲಿಗೆ ಬಿಟ್ಟು, ಉಳಿದ ಕ್ಲೋರಿನ್ನನ್ನು ಫೋಟೊ ಸ್ಟುಡಿಯೊದವರು ಬಳಸುತ್ತಿದ್ದ ಹೈಪೋ ಹಾಕಿ ತೆಗೆದೆ. ಕ್ಲೋರಿನ್ ಹೋಗಿದೆಯೇ ಎಂದು ಈಜುಕೊಳದ ಪರೀಕ್ಷಾ ಕಿಟ್ಟಿನಲ್ಲಿ ನೋಡಿಯೇ ಮುಂದುವರಿಯಬೇಕು.

ಹಂತ 3: ಚಕ್ರ

ಇಲ್ಲಿಯೇ ಹೆಚ್ಚು ಹಣ, ಹೆಚ್ಚು ಸಮಯ ಹೋದದ್ದು. ಅಳತೆ ಸುಲಭ: 80 ಸೆಂ.ಮೀ. ವ್ಯಾಸ, 8 ರೆಕ್ಕೆ, ರೆಕ್ಕೆಯ ಅಗಲ 90 ಸೆಂ.ಮೀ., ತಳಕ್ಕೂ ರೆಕ್ಕೆಗೂ ನಡುವೆ 3 ಸೆಂ.ಮೀ. ಕಾಲು ಎಚ್‌ಪಿ ಮೋಟರು 1,440 ಸುತ್ತು. ಗುಜರಿಯಲ್ಲಿ ಸಿಕ್ಕ ವರ್ಮ್ ಗೇರ್‌ಬಾಕ್ಸ್ 60ಕ್ಕೆ 1. ಅಲ್ಲಿಂದ 15 ಹಲ್ಲು, 30 ಹಲ್ಲಿನ ಚೈನ್ ಸ್ಪ್ರಾಕೆಟ್. ನಿಮಿಷಕ್ಕೆ 12 ಸುತ್ತು. ಮೋಟರಿನ ವೇಗ ಹೊಂದಿಸುವ ಡ್ರೈವ್ ಹಾಕಿ 10ಕ್ಕೆ ಇಳಿಸಿದೆ. ಕಿತ್ತಳೆ ಸಿಪ್ಪೆ ತೇಲಿಬಿಟ್ಟು 5 ಮೀಟರ್ ಓಟ ಅಳೆದರೆ 22 ಸೆಕೆಂಡ್, ಅಂದರೆ ಸೆಕೆಂಡಿಗೆ ಸುಮಾರು 23 ಸೆಂ.ಮೀ. ರೇಸ್‌ವೇಗೆ ಬೇಕಾದ ವೇಗ 20ರಿಂದ 30. ಸರಿಯಾಗಿದೆ.

ಕಷ್ಟ ಕೊಟ್ಟದ್ದು ಲೋಹ.

ಮೊದಲ ಶಾಫ್ಟು ಎಂಎಸ್ (ಸಾದಾ ಉಕ್ಕು) ಪೈಪು, ಎರಡು ಕೋಟು ಎಪಾಕ್ಸಿ ಬಣ್ಣ. ಬೋಲ್ಟ್ ಬಿಗಿದ ಜಾಗದಲ್ಲಿ ಬಣ್ಣ ಉದುರಿ, ಅಲ್ಲಿಂದ ತುಕ್ಕು ಬಣ್ಣದಡಿಯೇ ಹರಡಿತು. ನೀರಿನಲ್ಲಿ ಕೆಂಪು ಗಸಿ. ತೆಗೆದೆಸೆದೆ.

ಎರಡನೆಯದು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲು. ಆಲೆಮನೆಯಲ್ಲಿ ಕಬ್ಬಿನ ಹಾಲು ಹಾಯುವ ಕಡೆಗೆಲ್ಲ ಇದನ್ನೇ ಹಾಕುತ್ತೇವೆ, ವರ್ಷಗಟ್ಟಲೆ ಏನೂ ಆಗುವುದಿಲ್ಲ. ಉಪ್ಪುನೀರಿನಲ್ಲಿ ಹಾಗಲ್ಲ. ಮೇಲ್ಮೈಯೆಲ್ಲ ಹೊಳೆಯುತ್ತಿದ್ದರೂ ವಾಷರಿನ ಕೆಳಗೆ, ಗಾಳಿಯಾಡದ ಸಂದಿನಲ್ಲಿ, ಸೂಜಿ ಚುಚ್ಚಿದಂಥ ಕುಳಿಗಳು ಬಿದ್ದಿದ್ದವು. ಒಂದರೊಳಗೆ ಸ್ಕ್ರೈಬರ್ (ಗೀರು ಹಾಕುವ ಮೊನೆ) ಹಾಕಿದರೆ ಪೈಪಿನ ಗೋಡೆಯ ಅರ್ಧಕ್ಕೆ ಇಳಿಯಿತು. ಹೊರಗಿನಿಂದ ನೋಡಿ ಯಾರಿಗೂ ಗೊತ್ತಾಗುವಂಥದ್ದಲ್ಲ.

ಮೂರನೆಯದು 316. ಇದರಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಎಂಬ ಲೋಹ ಇರುತ್ತದೆ, ಕ್ಲೋರೈಡಿಗೆ ತಡೆಯುವುದು ಅದೇ. ಅಯಸ್ಕಾಂತ ಹಿಡಿದು 304, 316 ಬೇರ್ಪಡಿಸಲು ಆಗುವುದಿಲ್ಲ. ಮಾಲಿಬ್ಡಿನಂ ಪರೀಕ್ಷೆಯ ದ್ರಾವಣದ ಒಂದು ತೊಟ್ಟು ಹಾಕಿ ಬಣ್ಣ ನೋಡಿಯೇ ಹಣ ಕೊಡಿ. ನಾನು ನೋಡಿದ ಪೈಪುಗಳಲ್ಲಿ ಒಂದು 316 ಎಂದು ಅಚ್ಚು ಹೊತ್ತಿದ್ದರೂ ಪರೀಕ್ಷೆಯಲ್ಲಿ ಸೋತಿತು. ಬೋಲ್ಟು, ವಾಷರು, ಕಾಟರ್ ಪಿನ್ನು ಕೂಡ 316 ಆಗಿರಬೇಕು. ರೆಕ್ಕೆಗೆ 5 ಮಿ.ಮೀ. ಎಫ್‌ಆರ್‌ಪಿ (ಗಾಜಿನ ನಾರು ಸೇರಿದ ಪ್ಲಾಸ್ಟಿಕ್) ಹಲಗೆ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಹಿತ್ತಾಳೆ ಬುಷ್. ಶಾಫ್ಟಿನ ಒಳತುದಿ ಮಧ್ಯದ ತಡೆಗೋಡೆಯ ಮೇಲೆ ಕೂರುತ್ತದೆ, ಅಲ್ಲಿ ನೀರು ಸದಾ ಎರಚುತ್ತದೆ. ಗಾಣದ ರೂಢಿಯಂತೆ ಹಿತ್ತಾಳೆ ಬುಷ್ ಕಡೆದು ಹಾಕಿದ್ದೆವು. ಚೆನ್ನಾಗಿ ಹಸಿರೇರಿದ್ದ ಪಾಚಿ ಬಿಳಿಚಿಕೊಂಡು, ಈಜುವುದು ನಿಲ್ಲಿಸಿ ತಳ ಸೇರಿತು. ಪಿ.ಎಚ್. (ನೀರಿನ ಹುಳಿ-ಕ್ಷಾರದ ಅಳತೆ), ಉಪ್ಪು, ಗೊಬ್ಬರ ಎಲ್ಲ ಸರಿಯಿತ್ತು. ಬುಷ್ ಬಿಚ್ಚಿದಾಗ ಅಂಚಿನಲ್ಲಿ ಹಸಿರು ಕಿಲುಬು. ಗದ್ದೆಯಲ್ಲಿ ಪಾಚಿ ಕಟ್ಟಿದರೆ ರೈತರು ಹಾಕುವುದೇ ಮೈಲುತುತ್ತ, ಅಂದರೆ ತಾಮ್ರ. ಹಿತ್ತಾಳೆಯಿಂದ ತಾಮ್ರ ತೊಟ್ಟು ತೊಟ್ಟಾಗಿ ನೀರಿಗೆ ಇಳಿಯುತ್ತಿತ್ತು. ಈಗ ಅಲ್ಲಿ ನೈಲಾನ್ ಬುಷ್ ಇದೆ, ನೀರೇ ಅದಕ್ಕೆ ಎಣ್ಣೆ. ಹೊರತುದಿಯ ಬಾಲ್ ಬೇರಿಂಗು ಗೋಡೆಯಿಂದ 15 ಸೆಂ.ಮೀ. ಆಚೆ, ಶಾಫ್ಟಿಗೆ ರಬ್ಬರ್ ತಟ್ಟೆ ತೊಡಿಸಿ ನೀರು ಹರಿದು ಬರದಂತೆ ಮಾಡಿದೆ. ತೊಟ್ಟಿಯ ಸುತ್ತ ಎಲ್ಲೂ ಹಿತ್ತಾಳೆ ನಲ್ಲಿ, ತಾಮ್ರದ ತಂತಿ, ಗನ್‌ಮೆಟಲ್ ವಾಲ್ವ್ ಇಲ್ಲ. ಆ ನೀರು ಪೂರ್ತಿ ಬದಲಿಸಬೇಕಾಯಿತು. ಹಳೆಯದನ್ನು ಆವಿಹಾಸಿಗೆಗೆ (ನೀರು ಬಿಸಿಲಿಗೆ ಆವಿಯಾಗಲು ಶೀಟು ಹಾಸಿದ ಜಾಗ) ಸ್ವಲ್ಪ ಸ್ವಲ್ಪವೇ ಬಿಟ್ಟು ಒಣಗಿಸಲು ಬೇಸಿಗೆಯ ಒಳ್ಳೆಯ ಭಾಗ ಹೋಯಿತು.

ತಿರುವುಗಳಲ್ಲಿ ಇನ್ನೊಂದು ತೊಂದರೆ. ತಡೆಗೋಡೆಯ ತುದಿಯ ಹಿಂದೆ ನೀರು ನಿಂತು ಗಸಿ ಕೂತು ಕೊಳೆಯುತ್ತಿತ್ತು. ಎರಡೂ ತಿರುವಿನಲ್ಲಿ ಬಾಗಿಸಿದ ಎರಡೆರಡು ಎಫ್‌ಆರ್‌ಪಿ ಪಟ್ಟಿ ನಿಲ್ಲಿಸಿದ ಮೇಲೆ ಕಿತ್ತಳೆ ಸಿಪ್ಪೆ ಎಲ್ಲೂ ನಿಲ್ಲದೆ ಸುತ್ತಿತು.

ಹಂತ 4: ಬೀಜ ಬೆಳೆಸುವುದು

ಟೆಟ್ರಾಸೆಲ್ಮಿಸ್ ಬೀಜ, ಅಂದರೆ ಬೆಳೆಸಲು ಮೂಲವಾಗುವ ಜೀವಂತ ಪಾಚಿಯ ನೀರು, ಕರಾವಳಿಯ ಹ್ಯಾಚರಿಯೊಂದರಿಂದ ಬಂತು. ಅಂಗೈ ಅಗಲದ ಫ್ಲಾಸ್ಕಿನಿಂದ 5 ಲೀಟರ್ ಜಾಡಿ, ಅಲ್ಲಿಂದ 20 ಲೀಟರಿನ ನೀರಿನ ಕ್ಯಾನ್, ಆಮೇಲೆ 200 ಲೀಟರ್ ನೀಲಿ ಡ್ರಮ್ಮುಗಳು. ಪ್ರತಿ ಸಲವೂ ಹೊಸ ನೀರಿನ ಹತ್ತರಲ್ಲೊಂದು ಪಾಲಿಗಿಂತ ಕಡಿಮೆ ಬೀಜ ಹಾಕಬಾರದು. ಕಡಿಮೆ ಹಾಕಿ ಆತುರಪಟ್ಟ ಒಂದು ಡ್ರಮ್ಮಿನಲ್ಲಿ ಕಂದು ಬಣ್ಣದ ಬೇರೆ ಪಾಚಿಯೇ ಗೆದ್ದಿತು. ಡ್ರಮ್ಮುಗಳಿಂದ ತೊಟ್ಟಿಗೆ ಬಿಡುವಾಗ ಆಳ 10 ಸೆಂ.ಮೀ. ಮಾತ್ರ ಇಟ್ಟು, ನೀರು ಹಸಿರೇರಿದ ಮೇಲೆ 20ಕ್ಕೆ ಏರಿಸಿದೆ.

ನಮ್ಮ ಬಯಲಿನಲ್ಲಿ ಕಡಲ ನೀರಿಗೆ ಒಂದು ಲಾಭವೂ ಉಂಟು. ಸಿಹಿನೀರಿನ ತೊಟ್ಟಿಯಾದರೆ ಕೆರೆ, ನಾಲೆ, ಗಾಳಿಯ ಧೂಳಿನಿಂದ ಪಾಚಿ ತಿನ್ನುವ ಹುಳುಗಳು ಬಂದು ಸೇರುತ್ತವೆ. 35ರ ಉಪ್ಪಿನಲ್ಲಿ ಅವುಗಳಿಗೆ ಬದುಕಿಲ್ಲ. ಇಲ್ಲಿ ಬಂದ ಕಳೆಯೆಲ್ಲ ಬೀಜದ ಜೊತೆಗೇ ಬಂದದ್ದು. ಪರಿಚಯದ ಕಾಲೇಜಿನ ಮೇಷ್ಟ್ರು ವಾರಕ್ಕೊಮ್ಮೆ ಸೂಕ್ಷ್ಮದರ್ಶಕದಲ್ಲಿ ನೋಡಿಕೊಡುತ್ತಾರೆ. ಪಾಚಿ ವಿಷಯದಲ್ಲಿ ಈ ಸೀಮೆ ಹೊಸದಲ್ಲ ಎಂದು ಅವರೇ ಹೇಳಿದ್ದು: ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1970ರ ದಶಕದಲ್ಲೇ ಜರ್ಮನಿಯ ಸಹಕಾರದಲ್ಲಿ ಸೂಕ್ಷ್ಮ ಪಾಚಿಯನ್ನು ಹೊರಗಿನ ತೊಟ್ಟಿಗಳಲ್ಲಿ ಬೆಳೆಸಿತ್ತು, ಆಮೇಲೆ ಸ್ಪಿರುಲಿನಾ ಎಂಬ ತಿನ್ನುವ ಪಾಚಿಯ ಮೇಲೆಯೂ ಬಹಳ ಕೆಲಸ ಮಾಡಿತು. ಅವೆಲ್ಲ ಸಿಹಿನೀರಿನ, ಸೋಡಾ ನೀರಿನ ಕೆಲಸ.

ಹಂತ 5: ಗೊಬ್ಬರ ಮತ್ತು ಗ್ಯಾಸು

ನಮ್ಮ ಹ್ಯಾಚರಿಗಳು ದೊಡ್ಡ ತೊಟ್ಟಿಗಳಿಗೆ ಹಾಕುವ ರೂಢಿಯ ಪ್ರಮಾಣವನ್ನೇ ಹಿಡಿದೆ: ಸಾವಿರ ಲೀಟರಿಗೆ ಅಮೋನಿಯಂ ಸಲ್ಫೇಟ್ 100 ಗ್ರಾಂ, ಸೂಪರ್ ಫಾಸ್ಫೇಟ್ 10, ಯೂರಿಯಾ 10. ಸೂಪರ್ ಫಾಸ್ಫೇಟನ್ನು ಹಿಂದಿನ ರಾತ್ರಿಯೇ ನೆನೆಹಾಕಿ ತಿಳಿಯನ್ನು ಮಾತ್ರ ಸೋಸಿ ಹಾಕಬೇಕು, ಇಲ್ಲದಿದ್ದರೆ ಗಸಿ ತೊಟ್ಟಿಯ ತಳ ಸೇರುತ್ತದೆ.

ಪಾಚಿ ಬೆಳೆಯುತ್ತ ನೀರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡಂತೆ ಪಿ.ಎಚ್. ಏರುತ್ತದೆ. ಗ್ಯಾಸಿಲ್ಲದೆ ಓಡಿಸಿದಾಗ ಮಧ್ಯಾಹ್ನ ಪಿ.ಎಚ್. 9.3ಕ್ಕೆ ಏರಿ, ತೊಟ್ಟಿಯ ಹತ್ತಿರ ನಿಂತರೆ ಅಮೋನಿಯದ ಘಾಟು ಬರುತ್ತಿತ್ತು. 9 ದಾಟಿದರೆ ಅಮೋನಿಯಂ ಗೊಬ್ಬರದ ದೊಡ್ಡ ಪಾಲು ಅಮೋನಿಯವಾಗಿ ಮಾರ್ಪಟ್ಟು ಪಾಚಿಗೇ ವಿಷವಾಗುತ್ತದೆ. ನಮ್ಮಲ್ಲಿ ವೆಲ್ಡಿಂಗಿಗೆ ಇಂಗಾಲದ ಡೈಆಕ್ಸೈಡ್ ಸಿಲಿಂಡರ್ ಹೇಗೂ ಇದೆ. ಅದರಿಂದ ಒಂದು ಲೈನು ಎಳೆದು, ಪಿ.ಎಚ್. 8.2 ಮುಟ್ಟಿದರೆ ತೆರೆದು 7.8ಕ್ಕೆ ಮುಚ್ಚುವ ಸೊಲೆನಾಯ್ಡ್ (ಕರೆಂಟಿನಿಂದ ಓಡುವ) ವಾಲ್ವ್ ಹಾಕಿದೆ. ಮೊದಲು ಗುಳ್ಳೆ ಕಲ್ಲನ್ನು ತೊಟ್ಟಿಯ ತಳದಲ್ಲೇ ಇಟ್ಟಿದ್ದೆ; 20 ಸೆಂ.ಮೀ. ಆಳದಲ್ಲಿ ಗ್ಯಾಸು ಕರಗುವ ಮೊದಲೇ ಮೇಲೆ ಬಂದು ಹೋಗುತ್ತಿತ್ತು. ಚಕ್ರದ ಮುಂದೆ ಒಂದು ಮೀಟರ್ ಆಳದ ಚಿಕ್ಕ ಗುಂಡಿ ತೆಗೆದು, ಅದಕ್ಕೂ ಎರಡು ಪದರ ಶೀಟು ಹಾಕಿ ಕಲ್ಲನ್ನು ಅಲ್ಲಿಗೆ ಇಳಿಸಿದ ಮೇಲೆ ಸಿಲಿಂಡರ್ ಎರಡು ಪಟ್ಟಿಗಿಂತ ಹೆಚ್ಚು ಕಾಲ ಬಂತು. ಒಂದು ಕೆಜಿ ಒಣ ಪಾಚಿ ಬೆಳೆಯಲು ಸುಮಾರು 1.8 ಕೆಜಿ ಗ್ಯಾಸು ಬೇಕೇಬೇಕು. ಅದರ ಮೇಲೆ ಎಷ್ಟು ಖರ್ಚಾದರೂ ಗಾಳಿಗೆ ಹೋದದ್ದೇ.

ಹಂತ 6: ಬಿಸಿಲು, ಮಳೆ

ಏಪ್ರಿಲಿನಲ್ಲಿ ದಿನಕ್ಕೆ 6 ಮಿ.ಮೀ.ವರೆಗೆ ನೀರು ಇಳಿಯಿತು, ಅಂದರೆ 115 ಲೀಟರ್. ಆವಿಯಾಗುವುದು ನೀರು ಮಾತ್ರ, ಉಪ್ಪಲ್ಲ. ಆದ್ದರಿಂದ ಬೆಳಿಗ್ಗೆ ಗುರುತಿನ ಮಟ್ಟಕ್ಕೆ ಸಿಹಿನೀರನ್ನೇ ತುಂಬಬೇಕು. ಕೆಲಸದವನೊಬ್ಬ ತಿಳಿಯದೆ ಉಪ್ಪುನೀರು ತುಂಬಿ 41ಕ್ಕೆ ಏರಿತ್ತು. ಟೆಟ್ರಾಸೆಲ್ಮಿಸ್ ಅದನ್ನು ತಡೆದುಕೊಂಡಿತು. ನೀರಿನ ಬಿಸಿ 34 ಡಿಗ್ರಿ ಮುಟ್ಟಿದಾಗ ಮಾತ್ರ ಬೆಳವಣಿಗೆ ನಿಂತಿತು, ಶೇ. 50ರ ಹಸಿರು ನೆರಳು ಬಲೆ ಎಳೆದ ಮೇಲೆ ಚೇತರಿಸಿತು.

ಮಳೆಗೆ ಜಿಐ ಪೈಪಿನ ಕಮಾನು, ಮೇಲೆ ಪಾಲಿಹೌಸ್ ಶೀಟು. ಮಾಡು ಇಲ್ಲದೆ ಒಂದು ಜೋರು ಮಳೆ ಬಿದ್ದರೆ ಸಾವಿರ ಲೀಟರ್ ಹತ್ತಿರ ನೀರು ಸೇರಿ ಉಪ್ಪು 28ಕ್ಕೆ ಇಳಿಯುತ್ತದೆ. ಪಾಚಿಗೆ ಅದರಿಂದ ಅಂಥ ತೊಂದರೆಯಿಲ್ಲ, ಹೆಚ್ಚಾದ ನೀರನ್ನು ಎಲ್ಲಿಗೆ ಬಿಡುವುದು ಎಂಬುದೇ ಪ್ರಶ್ನೆ. ಕುಮಟಾದಲ್ಲಿ ಬಿದ್ದಷ್ಟು ಮಳೆ ಇಲ್ಲಿ ಬೀಳದಿದ್ದರೂ ಮಾಡಿಗೆ ಹಾಕಿದ ಹಣ ವ್ಯರ್ಥವಲ್ಲ.

ಹಂತ 7: ಕೊಯ್ಲು

ಹ್ಯಾಚರಿಗೆ ಕೊಡುವುದಾದರೆ ಕೊಯ್ಲೇ ಬೇಡ, ಹಸಿರು ನೀರನ್ನು ಹಾಗೇ ಪಂಪ್ ಮಾಡಬಹುದು. ಇಲ್ಲಿ ಹ್ಯಾಚರಿಯಿಲ್ಲ; ನೀರು ಆಚೆ ಹೋಗುವಂತೆಯೂ ಇಲ್ಲ. ಪಾಚಿಯನ್ನು ಬೇರ್ಪಡಿಸಿ ಅದೇ ನೀರನ್ನು ತೊಟ್ಟಿಗೆ ಮರಳಿಸಬೇಕು.

ಬಟ್ಟೆಯಲ್ಲಿ ಸೋಸಲಾಗದು, ಒಂದೊಂದು ಕಣವೂ 10ರಿಂದ 14 ಮೈಕ್ರಾನ್, ಸಣ್ಣ ಕಣ್ಣಿನ ಬಟ್ಟೆ ತಕ್ಷಣ ಕಟ್ಟಿಕೊಳ್ಳುತ್ತದೆ. ಆಲೆಮನೆಯಲ್ಲಿ ಕಬ್ಬಿನ ಹಾಲು ತಿಳಿಯಾಗಿಸಲು ಬೆಂಡೆ ಗಿಡದ ಲೋಳೆ, ಸುಣ್ಣ ಎರಡನ್ನೂ ಬಳಸುತ್ತಾರೆ. ಎರಡನ್ನೂ ಗಾಜಿನ ಲೋಟಗಳಲ್ಲಿ ಹಾಕಿ ನೋಡಿದೆ. ಬೆಂಡೆ ಲೋಳೆ ಉಪ್ಪುನೀರಿನಲ್ಲಿ ಏನೂ ಮಾಡಲಿಲ್ಲ. ಸುಣ್ಣ ಕೆಲಸ ಮಾಡಿತು: ಲೀಟರಿಗೆ ಅರ್ಧ ಗ್ರಾಂ ಹಾಕಿದರೆ ಪಿ.ಎಚ್. 10.3ರ ಸುತ್ತ ನಿಂತು, ನೀರಿನಲ್ಲಿದ್ದ ಮೆಗ್ನೀಸಿಯಂ ಬಿಳಿ ಹತ್ತಿಯಂತೆ ಒಡೆದು ಪಾಚಿಯನ್ನೆಲ್ಲ ಹಿಡಿದುಕೊಂಡು ತಳಕ್ಕಿಳಿಯಿತು. ಮೆಗ್ನೀಸಿಯಂ ಸರಿಯಾದ ಪ್ರಮಾಣದಲ್ಲಿ ಹಾಕಿದ್ದು ಇಲ್ಲಿ ಫಲಕೊಟ್ಟಿತು. ಬರೀ ಕಲ್ಲುಪ್ಪಿನ ನೀರಿನಲ್ಲಿ ಇದು ಆಗುತ್ತಿರಲಿಲ್ಲ.

ಆದರೆ ಒಣಗಿಸಿ ತೂಗಿದಾಗ ತೂಕ ಲೆಕ್ಕಕ್ಕಿಂತ ಜಾಸ್ತಿ. ಸುಟ್ಟು ನೋಡಿದರೆ ಅರ್ಧದಷ್ಟು ಬೂದಿ. ಪಾಚಿಯ ಜೊತೆ ಮೆಗ್ನೀಸಿಯಮ್ಮನ್ನೂ ಕೊಯ್ದಿದ್ದೆ. ಮೇಲಾಗಿ ಸುಣ್ಣದ ಕ್ಯಾಲ್ಸಿಯಂ ಪ್ರತಿ ಸುತ್ತಿಗೂ ನೀರಿನಲ್ಲಿ ಏರುತ್ತ ಹೋಗುತ್ತದೆ. ಈಗ ಮಾಡುವುದು ಹೀಗೆ: 500 ಲೀಟರ್ ಸಿಂಟೆಕ್ಸ್ ಟ್ಯಾಂಕಿಗೆ ಹಸಿರು ನೀರು ಎಳೆದು, ಸುಣ್ಣದ ಬದಲು 200 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿ ಹಾಕಿ, ಒಂದು ಗಂಟೆ ಬಿಟ್ಟು, ಮೇಲಿನ ತಿಳಿನೀರನ್ನು ಬೇರೆ ಟ್ಯಾಂಕಿಗೆ ತೆಗೆದು, ಅದಕ್ಕೆ ಗ್ಯಾಸು ಹಾಯಿಸಿ ಪಿ.ಎಚ್. 8ಕ್ಕೆ ಇಳಿಸಿ ತೊಟ್ಟಿಗೆ ಮರಳಿಸುವುದು. ತಳದ ಗಟ್ಟಿಗೂ ಗ್ಯಾಸು ಹಾಯಿಸಿದರೆ ಮೆಗ್ನೀಸಿಯಂ ಬಹುಪಾಲು ಮತ್ತೆ ಕರಗಿ ನೀರಿಗೆ ಬರುತ್ತದೆ. ಉಳಿದ ಹಸಿರು ಕೆನೆಯನ್ನು ಬಟ್ಟೆಯಲ್ಲಿ ಇಳಿಬಿಟ್ಟು ಬಸಿಯುವುದು. ಕಾಸ್ಟಿಕ್ ಕೈಗೆ, ಕಣ್ಣಿಗೆ ತಾಗದಂತೆ ಗ್ಲೌಸ್, ಕನ್ನಡಕ ಹಾಕಿಯೇ ಮುಟ್ಟಬೇಕು. ಯಾವಾಗಲೂ ನೀರಿಗೆ ಕಾಸ್ಟಿಕ್, ಕಾಸ್ಟಿಕ್ಕಿಗೆ ನೀರಲ್ಲ.

ಟ್ಯಾಂಕು ತೊಳೆದ ನೀರು, ಬಸಿದ ಕೊನೆಯ ನೀರು ಎಲ್ಲ ಶೀಟು ಹಾಸಿದ 3 ಮೀಟರ್, 2 ಮೀಟರಿನ ಆವಿಹಾಸಿಗೆಗೆ ಹೋಗುತ್ತದೆ. ಅಲ್ಲಿ ಉಳಿದ ಉಪ್ಪನ್ನು ಕೆರೆದು ಮುಂದಿನ ನೀರಿಗೆ ಬಳಸುತ್ತೇನೆ. ತಾಮ್ರ ಸೇರಿದ್ದ ಆ ಹಳೆಯ ನೀರಿನ ಉಪ್ಪನ್ನು ಮಾತ್ರ ಮುಚ್ಚಿದ ಡ್ರಮ್ಮಿನಲ್ಲಿ ಬೇರೆ ಇಟ್ಟಿದ್ದೇನೆ.

ಲೆಕ್ಕ

ಬ್ಲಾಕು, ಸಿಮೆಂಟು, ಗಾರೆ ಕೂಲಿ 18,500 ರೂ. ಶೀಟು 9,600. ಮೋಟರು, ಗೇರ್‌ಬಾಕ್ಸ್ 4,800. ಡ್ರೈವ್ 5,500. 316 ಪೈಪು, ಬೋಲ್ಟು 6,200. ರೆಕ್ಕೆ 3,400. ಬೇರಿಂಗು, ಬುಷ್, ಚೈನು 1,600. ರಿಫ್ರಾಕ್ಟೋಮೀಟರ್ 1,900. ಪಿ.ಎಚ್. ಕಂಟ್ರೋಲರ್, ವಾಲ್ವ್ 7,200. ಉಪ್ಪುಗಳು 3,300. ಮಾಡು 14,000. ಒಟ್ಟು 76,000 ರೂ. ಎಸೆದ ಶಾಫ್ಟುಗಳು, ಹಿತ್ತಾಳೆ ಬುಷ್, ಎರಡನೇ ಸಲದ ಉಪ್ಪು ಇದರಲ್ಲಿ ಸೇರಿಲ್ಲ. ನಮ್ಮ ವರ್ಕ್‌ಶಾಪಿನ ಕೂಲಿಯನ್ನೂ ಸೇರಿಸಿಲ್ಲ.

ಬೆಳೆ ಚೆನ್ನಾಗಿರುವಾಗ ದಿನಕ್ಕೆ 500 ಲೀಟರ್ ತೆಗೆದರೆ ಲೀಟರಿಗೆ 0.35 ಗ್ರಾಂನಂತೆ 175 ಗ್ರಾಂ ಒಣ ಪಾಚಿ. ಚದರ ಮೀಟರಿಗೆ 9 ಗ್ರಾಂ ಚಿಲ್ಲರೆ. ಚೆನ್ನಾಗಿ ನಡೆಯುವ ದೊಡ್ಡ ರೇಸ್‌ವೇಗಳು 10ರಿಂದ 20 ಗ್ರಾಂ ಕೊಡುತ್ತವೆ. ಚಕ್ರವೊಂದಕ್ಕೇ ದಿನಕ್ಕೆ ಎರಡು ಯೂನಿಟ್‌ಗೂ ಹೆಚ್ಚು ಕರೆಂಟು ಬೇಕು, ಗ್ಯಾಸು ಬೇರೆ. ಮಂಡ್ಯದಲ್ಲಿ ಇದನ್ನು ಲಾಭಕ್ಕೆ ಮಾಡಲು ಆಗುವುದಿಲ್ಲ. ಕೇಳಿದ ರೈತರಿಗೆಲ್ಲ ಇದನ್ನೇ ಹೇಳಿದ್ದೇನೆ: ನಾಲೆ ಬಯಲಿನಲ್ಲಿ ಉಪ್ಪಿನ ತೊಟ್ಟಿ ಬೇಡ, ಕಡಲ ಪಾಚಿ ಕಡಲ ಪಕ್ಕದಲ್ಲೇ ಬೆಳೆಯಲಿ. ಒಣಗಿಸಿದ ಪಾಚಿಯನ್ನು ಮೀನಿಗಾಗಲಿ ಕೋಳಿಗಾಗಲಿ ಇನ್ನೂ ತಿನ್ನಿಸಿಲ್ಲ, ಲೋಹದ ಅಂಶದ ಪರೀಕ್ಷೆ ಆಗಬೇಕು.

ಕುಮಟಾಕ್ಕೆ ಹೋಗುವ ಚಕ್ರದಲ್ಲಿ ಬದಲಾಗುವುದು ಇಷ್ಟು: ರೆಕ್ಕೆಯ ಅಗಲ 3 ಮೀಟರ್, ಆದ್ದರಿಂದ ಶಾಫ್ಟ್ 4 ಇಂಚಿನ 316 ಪೈಪು, ಎರಡೂ ತುದಿಗೆ ನೈಲಾನ್ ಬುಷ್, ಬೋಲ್ಟಿನ ಸಂದುಗಳೇ ಇರದಂತೆ ರೆಕ್ಕೆಯ ಹಿಡಿಗಳನ್ನು ಶಾಫ್ಟಿಗೆ ಆರ್ಗಾನ್ ವೆಲ್ಡಿಂಗ್, ಮೋಟರು, ಗೇರ್‌ಬಾಕ್ಸ್ ನೀರಿನಿಂದ ಎರಡು ಮೀಟರ್ ಆಚೆ, ಉಪ್ಪು ಗಾಳಿಗೆ ಎಫ್‌ಆರ್‌ಪಿ ಪೆಟ್ಟಿಗೆಯೊಳಗೆ. ಪೈಪು ಬಂದಿದೆ. ತೊಟ್ಟು ಹಾಕಿ ನೋಡಿದೆ, ಮಾಲಿಬ್ಡಿನಂ ಇದೆ. ಹಿಡಿಗಳ ಕಟಿಂಗ್ ಸೋಮವಾರದಿಂದ.